ದೋಷ ನನ್ನ ಮನಸ್ಸಿನದ್ದಾ, ಡ್ಯೂಟಿಯದ್ದಾ?

ಪ್ರಶ್ನೆ: ನಾನು ಕಾಸರಗೋಡಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್. ಇತ್ತೀಚೆಗೆ ಡ್ಯೂಟಿಗೆ ಹೊರಡುವಾಗಲೇ ಎದೆ ಭಾರವಾಗುತ್ತದೆ. ತುಳು, ಕನ್ನಡ ಬರುತ್ತದೆ ಅಂತ ಬೇರೆ ವಾರ್ಡಿನವರೂ ರೋಗಿಗಳ ಹತ್ತಿರ ಮಾತಾಡಲು ನನ್ನನ್ನೇ ಕರೆಯುತ್ತಾರೆ. ಇನ್‌ಚಾರ್ಜ್ ಸಿಸ್ಟರ್ "ಸ್ಟ್ರೆಸ್ ಅಂದ್ಕೊಂಡ್ರೆ ಸ್ಟ್ರೆಸ್, ಇಲ್ಲಾಂದ್ರೆ ಏನಿಲ್ಲ" ಅನ್ನುತ್ತಾರೆ. ಜತೆಯವಳು ಅದೇ ಡ್ಯೂಟಿ ಮಾಡಿ ನಗುತ್ತಾ ಮನೆಗೆ ಹೋಗುತ್ತಾಳೆ. ನನ್ನ ಮನಸ್ಸೇ ಸರಿ ಇಲ್ವಾ ಡಾಕ್ಟ್ರೇ?
– ಹೆಸರು ಬೇಡ, ಕುಂಬಳೆ

ಉತ್ತರ: ನಿಮ್ಮ ಮನಸ್ಸಿಗೆ ದೋಷ ಹೊರಿಸಬೇಡಿ. ಹಾಗಂತ ಸಿಸ್ಟರ್ ಮಾತು ಪೂರ್ತಿ ಸುಳ್ಳೂ ಅಲ್ಲ.

ಒತ್ತಡವನ್ನು ನಾವು ಹೇಗೆ ನೋಡುತ್ತೇವೆ ಎಂಬುದರ ಬಗ್ಗೆ ಅಮೆರಿಕದ ಮನಶ್ಶಾಸ್ತ್ರಜ್ಞೆ ಅಲಿಯಾ ಕ್ರಮ್ ಮತ್ತು ಜತೆಗಾರರು 2013ರಲ್ಲಿ ಅಧ್ಯಯನ ಪ್ರಕಟಿಸಿದರು. ಒತ್ತಡದಿಂದ ಒಳ್ಳೆಯದೂ ಆಗುತ್ತದೆ ಎಂದು ತೋರಿಸುವ ಸಣ್ಣ ವೀಡಿಯೊಗಳನ್ನು ನೋಡಿದ ನೌಕರರು, ಆಮೇಲೆ ಮನಸ್ಸಿನ ಕಿರಿಕಿರಿ ಸ್ವಲ್ಪ ಇಳಿಯಿತು, ಕೆಲಸವೂ ಸುಧಾರಿಸಿತು ಎಂದರು. ಹಾಗಾಗಿ ನೋಡುವ ರೀತಿಗೆ ಬೆಲೆ ಉಂಟು. ಆದರೆ ಅವರು ಹಣಕಾಸು ಕಂಪನಿಯ ನೌಕರರು. ಒಂದೇ ಹೊತ್ತಿಗೆ ನಾಲ್ಕು ಬೆಡ್‌ನವರು ಕರೆಯುವ ವಾರ್ಡ್ ಅವರದ್ದಲ್ಲ. ಇನ್ನೊಂದು ಮಾತು. ಒತ್ತಡ ಕೆಟ್ಟದ್ದು ಅನ್ನುವ ನರ್ಸ್ ಜಾಸ್ತಿ ದಣಿದಿದ್ದಾಳೆ ಅಂದುಕೊಳ್ಳಿ. ಹಾಗೆ ಅಂದುಕೊಂಡದ್ದಕ್ಕೆ ದಣಿದಳಾ, ದಣಿದು ದಣಿದು ಹಾಗೆ ಅನ್ನುತ್ತಿದ್ದಾಳಾ? ಎರಡೂ ಇರಬಹುದು, ಅಲ್ವಾ?

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಭಾಷೆಯ ಸಂಗತಿ. ಬದಿಯಡ್ಕ ಕಡೆಯ ಒಬ್ಬರು ಅಜ್ಜಿ ಬಂದಿದ್ದಾರೆ ಅನ್ನೋಣ. ತುಳು ಬಿಟ್ಟರೆ ಬೇರೆ ಬಾರದು. ಎಲ್ಲಿ ನೋವು, ಯಾವಾಗಿಂದ, ಯಾವ ಮಾತ್ರೆ ನಿಲ್ಲಿಸಿದರು ಅಂತ ನೀವು ಕೇಳಿ ಡಾಕ್ಟರಿಗೆ ಮಲಯಾಳಂನಲ್ಲಿ ಹೇಳುತ್ತೀರಿ. ಅಜ್ಜಿಗೆ ಜೀವ ಬಂದಂತಾಗುತ್ತದೆ, ನಿಮ್ಮ ಕೈ ಬಿಡುವುದಿಲ್ಲ. ವಾಪಸ್ ನಿಮ್ಮ ವಾರ್ಡಿಗೆ ಬಂದರೆ ಒಂದು ಡ್ರಿಪ್ ಮುಗಿದಿದೆ, ಹತ್ತು ಗಂಟೆಯ ಇಂಜೆಕ್ಷನ್ ಬಾಕಿ, ರೋಗಿಯ ಜತೆಗಿರುವ ಬೈಸ್ಟ್ಯಾಂಡರ್ ಒಬ್ಬರು ನರ್ಸಿಂಗ್ ಸ್ಟೇಷನ್ ಎದುರು ನಿಂತು ಬೈಯುತ್ತಿದ್ದಾರೆ. ಅಷ್ಟು ಹೊತ್ತು ನಿಮ್ಮ ಬೆಡ್‌ಗಳನ್ನು ಯಾರಾದರೂ ನೋಡಿಕೊಂಡಿದ್ದರೆ, ಅಜ್ಜಿಯ ಜತೆಗಿನ ಆ ಮಾತುಕತೆಯೇ ಇಡೀ ದಿನದಲ್ಲಿ ನಿಮಗೆ ಖುಷಿ ಕೊಟ್ಟ ಕೆಲಸ ಆಗುತ್ತಿತ್ತು.

ಕೆಲಸದ ಒತ್ತಡದ ಬಗ್ಗೆ ಅಧ್ಯಯನ ಮಾಡಿದ ಸಂಶೋಧಕ ರಾಬರ್ಟ್ ಕರಾಸೆಕ್ 1979ರಲ್ಲೇ ಇದನ್ನು ಹೇಳಿದ್ದರು. ಕೆಲಸದ ಹೊರೆ ದೊಡ್ಡದಿದ್ದು, ಅದನ್ನು ಹೇಗೆ ಮಾಡಬೇಕೆಂಬ ತೀರ್ಮಾನ ನಮ್ಮ ಕೈಯಲ್ಲಿ ಇಲ್ಲದಿದ್ದಾಗ ಮನುಷ್ಯ ಹೆಚ್ಚು ಕುಸಿಯುತ್ತಾನೆ. ನಿಮ್ಮನ್ನು ಕರೆಯುತ್ತಾರೆ, ನೀವು ಹೋಗುತ್ತೀರಿ, ಆ ಕೆಲಸ ಯಾವ ಲೆಕ್ಕಕ್ಕೂ ಬರುವುದಿಲ್ಲ. ಜತೆಯವಳಿಗೆ ಈ ಕರೆಗಳೇ ಇಲ್ಲ. ಮತ್ತೆ ಅದೇ ಡ್ಯೂಟಿ ಹೇಗಾಗುತ್ತದೆ? ಅಲ್ಲದೆ ನಗುತ್ತಾ ಹೋಗುವವರೆಲ್ಲ ಆರಾಮವಾಗಿದ್ದಾರೆ ಅಂತಲೂ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟನ್ನು ಕಾಯಿಲೆ ಅನ್ನದೆ, ಕೆಲಸದ ಜಾಗದ ತೀರದ ಒತ್ತಡದಿಂದ ಬರುವ ಸ್ಥಿತಿ ಎಂದಿತು. ಗುರುತು ಮೂರು: ಬರಿದಾದ ಹಾಗೆ ಸುಸ್ತು, ಕೆಲಸದ ಮೇಲೆ ಜಿಗುಪ್ಸೆ, 'ನನ್ನಿಂದ ಏನೂ ಆಗುತ್ತಿಲ್ಲ' ಎಂಬ ಭಾವನೆ. ರೋಗಿಯ ಹೆಸರು ಬಿಟ್ಟು ಬೆಡ್ ನಂಬರ್ ಮಾತ್ರ ನೆನಪಿರುವುದು, ರಜೆಯ ದಿನವೂ ಸುಸ್ತು ಇಳಿಯದಿರುವುದು – ಇವು ನಿಮ್ಮಲ್ಲಿ ಇದ್ದರೆ ಸುಮ್ನೆ ಬಿಡಬೇಡಿ.

ಮೊದಲು, ಒಂದು ವಾರ ಎಷ್ಟು ಸಲ, ಎಷ್ಟು ಹೊತ್ತು ಬೇರೆ ವಾರ್ಡಿಗೆ ಹೋದಿರಿ ಎಂದು ಬರೆದಿಡಿ. ಅದನ್ನು ಹಿಡಿದುಕೊಂಡು, ಸಾಧ್ಯವಾದರೆ ಜತೆಯವರನ್ನೂ ಸೇರಿಸಿಕೊಂಡು, ನರ್ಸಿಂಗ್ ಸೂಪರಿಂಟೆಂಡೆಂಟ್ ಹತ್ತಿರ ಮಾತಾಡಿ. ನಾನು ಹೋದಾಗ ನನ್ನ ಬೆಡ್ ಯಾರು ನೋಡುತ್ತಾರೆ ಎಂದು ಹೆಸರು ಹಿಡಿದು ಗೊತ್ತು ಮಾಡಿಸಿ. ನೈಟ್ ಡ್ಯೂಟಿ ಸಾಲಾಗಿ ಬರುತ್ತಿದ್ದರೆ ಅದನ್ನೂ ಹೇಳಿ.

ಎದೆ ಭಾರ ಎಂದಿದ್ದೀರಿ. ಒಮ್ಮೆ ಡಾಕ್ಟರಿಗೆ ತೋರಿಸಿ, ಎಲ್ಲವನ್ನೂ ಒತ್ತಡದ ಲೆಕ್ಕಕ್ಕೆ ಹಾಕಬೇಡಿ. ನಿದ್ದೆ ಬಾರದೆ ವಾರಗಳೇ ಆಗಿದ್ದರೆ, ಬದುಕು ಬೇಡ ಅನ್ನಿಸಿದರೆ, ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಆಗಲೇ ಫೋನ್ ಮಾಡಿ. ಹಗಲು ರಾತ್ರಿ ಇರುತ್ತಾರೆ, ದುಡ್ಡಿಲ್ಲ, ಭಾಷೆ ಆರಿಸಿಕೊಳ್ಳಬಹುದು.