ಹಾಡು ಹಚ್ಚಿದರೆ ಸಾಕು, ಅಳು ಶುರು

ಜೂನ್ ಕೊನೆಯ ವಾರ. ಪುಣೆಯಲ್ಲಿ ಶಾಲೆ ಶುರುವಾಗಿ ಹತ್ತು ಹನ್ನೆರಡು ದಿನ ಆಗಿತ್ತು. ಪಿಂಪ್ರಿ ಕಡೆಯಿಂದ ಒಬ್ಬ ತಾಯಿ ಮಗನ ವಿಷಯಕ್ಕೆ ಸಲಹೆ ಕೇಳಲು ನನ್ನ ಹತ್ತಿರ ಬಂದರು. ಊರು ವಿಜಯಪುರದ ಹತ್ತಿರ. ಗಂಡನಿಗೆ ಇಲ್ಲಿ ಕಾರ್ಖಾನೆಯಲ್ಲಿ ಕೆಲಸ. ಮನೆಯಲ್ಲಿ ಅತ್ತೆ ಇದ್ದಾರೆ. ಮಗನಿಗೆ ಮೂರು ವರ್ಷ ಎರಡು ತಿಂಗಳು, ಈ ವರ್ಷ ನರ್ಸರಿಗೆ ಸೇರಿಸಿದ್ದರು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಮಗುವನ್ನು ಪುಟ್ಟ ಅಂತ ಕರೆಯುತ್ತೇನೆ.

"ಅಕ್ಕಾರ, ಖುಷಿಯಾಗಿ ಹೋಗ್ಲಿ ಅಂತ ಹಾಡು ಹಚ್ತೀನಿ. ಈಗ ಹಾಡು ಹಚ್ಚಿದ್ರ ಸಾಕು, ಚೀರ್ತಾನ್ರಿ," ಅಂದರು.

ಅವರು ತಯಾರಿ ಮಾಡಿರಲಿಲ್ಲ ಅಂತಲ್ಲ. ಫೋನಿನಲ್ಲಿ ನಲವತ್ತು ಹಾಡು ಕೂಡಿಸಿಟ್ಟಿದ್ದರು. ಎಲ್ಲ ಜೋರು ತಾಳದವು, ಕುಣಿಯುವ ಹಾಡುಗಳು. ಹಲ್ಲುಜ್ಜುವಾಗ ಶುರುವಾದರೆ ತಿಂಡಿ, ಸ್ನಾನ, ರಿಕ್ಷಾ, ಶಾಲೆಯ ಗೇಟಿನವರೆಗೂ ಅದೇ. ಮೊದಲ ಎರಡು ದಿನ ಪುಟ್ಟ ಕುಣಿದ. ನಾಲ್ಕನೇ ದಿನ ಮೊದಲ ಹಾಡಿನ ಸದ್ದು ಕೇಳಿದ್ದೇ ಅಡುಗೆಮನೆ ಬಾಗಿಲ ಹಿಂದೆ ಹೋಗಿ ನಿಂತ. ಭಾನುವಾರ ನೆಂಟರ ಮನೆಯ ಹುಟ್ಟುಹಬ್ಬದಲ್ಲಿ ಯಾರೋ ಅದೇ ಹಾಡು ಹಾಕಿದರು. ಅಲ್ಲೂ ಅತ್ತ, ಅವ್ವನ ಸೆರಗು ಬಿಡಲೇ ಇಲ್ಲ.

ಈ ಹುಟ್ಟುಹಬ್ಬದ ಮಾತು ಕೇಳಿದಾಗ ನನಗೆ ವಿಷಯ ಹೊಳೆಯಿತು. ಆ ದಿನ ಶಾಲೆ ಇರಲಿಲ್ಲ, ಯಾರೂ ಅವನನ್ನು ಬಿಟ್ಟು ಹೋಗುತ್ತಿರಲಿಲ್ಲ. ಆದರೂ ಅತ್ತ. ಯಾಕೆಂದರೆ ಆ ಹಾಡನ್ನು ಅವನು ಕೇಳಿದ್ದೇ ಅವ್ವ ಬಿಟ್ಟು ಹೋಗುವ ಹೊತ್ತಿನಲ್ಲಿ. ಹಾಡು ಬಂತು ಅಂದರೆ ಸ್ವಲ್ಪ ಹೊತ್ತಿಗೆ ಅವ್ವ ಇರೋದಿಲ್ಲ, ಇಷ್ಟು ಅವನು ಕಲಿತಿದ್ದ. ಮಗು ಸರಿಯಾಗಿಯೇ ಕಲಿತಿತ್ತು.

ತಾಯಿಗೆ ಇದನ್ನೇ ಹೇಳಿದೆ. ಮಕ್ಕಳಿಗೆ ಹಾಡಿನ ಖುಷಿ ತಾಳದಿಂದಷ್ಟೇ ಬರುವುದಿಲ್ಲ. ಅದನ್ನು ಮೊದಲು ಎಲ್ಲಿ ಕೇಳಿದೆ, ಯಾರ ತೊಡೆಯ ಮೇಲೆ ಕೂತು ಕೇಳಿದೆ ಅನ್ನುವುದರಿಂದ ಬರುತ್ತದೆ. ಹಾಡು ಮೊದಲು ಮನೆಯಲ್ಲಿ ಹಣ್ಣಾಗಬೇಕು. ಸ್ನಾನದ ಹೊತ್ತಲ್ಲಿ, ಸಂಜೆ ಆಡುವಾಗ, ಸುಮ್ನೆ ಬಿದ್ದುಕೊಂಡಿರುವಾಗ ಎರಡು ಮೂರು ವಾರ ಹಾಡಿ ಹಾಡಿ ಅದು ಅವನದಾಗಬೇಕು. ಆಮೇಲೆ ಶಾಲೆಯ ದಾರಿಗೆ.

ಆ ನಲವತ್ತು ಹಾಡುಗಳನ್ನು ಬೆಳಗಿನ ಹೊತ್ತು ಪೂರ್ತಿ ನಿಲ್ಲಿಸಿ ಅಂದೆ. ಅವರಿಗೆ ಕಷ್ಟವಾಯಿತು, ಫೋನು ಇಲ್ಲದೆ ಅವನು ತಿಂಡಿ ತಿನ್ನುತ್ತಿರಲಿಲ್ಲ. ಹಾಡಿನ ಜೊತೆ ವಿಡಿಯೋ ಕೂಡ ಓಡುತ್ತಿತ್ತು ಅಲ್ವಾ. ಮೂರು ನಾಲ್ಕು ವರ್ಷದ ಮಕ್ಕಳು ಕೂತು ಸ್ಕ್ರೀನ್ ನೋಡುವುದು ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಪುಟ್ಟನ ಆ ಒಂದು ಗಂಟೆ ಬೆಳಿಗ್ಗೆ ಒಂಬತ್ತಕ್ಕೇ ಮುಗಿದಿರುತ್ತಿತ್ತು.

"ನನಗ ಹಾಡಾಕ ಬರಂಗಿಲ್ರಿ" ಅಂದರು. ಬಹಳ ತಾಯಂದಿರು ಇದನ್ನೇ ಹೇಳುತ್ತಾರೆ. ಮಗುವಿಗೆ ಅವ್ವನ ಕಂಠದ ಮೇಲೆ ಯಾವ ದೂರೂ ಇರುವುದಿಲ್ಲ. ಅಲ್ಲದೆ ಈ ವಯಸ್ಸಿನ ಮಗು ಆರಾಮಾಗಿ ಹಾಡುವುದು ಐದಾರು ಸ್ವರಗಳ ಒಳಗೆ. ಮೇಲೆ ಕೆಳಗೆ ತುಂಬಾ ಓಡಾಡುವ ಸಿನಿಮಾ ಹಾಡನ್ನು ಅದು ಕೇಳಬಹುದು, ತಾನೇ ಹಾಡಲಾರದು. ಶಾಲೆಯಲ್ಲಿ ಒಬ್ಬನೇ ಇರುವಾಗ ತಾನೇ ಗುನುಗಬಲ್ಲ ಹಾಡು ಬೇಕು. ನಿಧಾನ ಇರಬೇಕು, ಒಂದೇ ಸಾಲು ತಿರುಗಿ ತಿರುಗಿ ಬರಬೇಕು, ಕೈಕಾಲಿಗೆ ಕೆಲಸ ಇರಬೇಕು. ಮೂರು ಹಾಡು ಸಾಕು. ಒಂದನ್ನೇ ನೂರು ಸಲ ಹಾಡು ಅಂದರೆ ನಮಗೆ ಬೇಜಾರು, ಮಕ್ಕಳಿಗೆ ಅದೇ ಧೈರ್ಯ.

ಅತ್ತೆಯನ್ನೂ ಕರೆದುಕೊಂಡು ಬನ್ನಿ ಅಂದಿದ್ದೆ. ಎರಡನೇ ಸಲ ಬಂದರು. ಮೊಮ್ಮಗನನ್ನು ಕಾಲ ಮೇಲೆ ಕೂರಿಸಿಕೊಂಡು ತೂಗುತ್ತಾ ಏನೋ ಹಾಡುತ್ತಾರಂತೆ. ಹಾಡಿ ತೋರಿಸಿ ಅಂದೆ. ನಾಲ್ಕೇ ಸ್ವರ, ಉಯ್ಯಾಲೆಯ ಹಾಗೆ ಹೋಗಿ ಬರುವ ಲಯ. ಮೂಲೆಯಲ್ಲಿ ಆಡುತ್ತಿದ್ದ ಪುಟ್ಟ ಅಲ್ಲಿಂದಲೇ ತಲೆ ತೂಗಲು ಶುರು ಮಾಡಿದ. ಬೇಕಾಗಿದ್ದ ಧಾಟಿ ಮನೆಯಲ್ಲೇ ಇತ್ತು!

ಇನ್ನೊಂದು ವಿಷಯ ಗೊತ್ತಾಗಿದ್ದು ತಾಯಿಯ ಒಪ್ಪಿಗೆ ಪಡೆದು ಟೀಚರ್ ಜೊತೆ ಫೋನಿನಲ್ಲಿ ಮಾತಾಡಿದಾಗ. ಒಂದು ಹೊತ್ತಿನಲ್ಲಿ ಪುಟ್ಟನ ಅಳು ದಿಢೀರ್ ಜಾಸ್ತಿ ಆಗುತ್ತದೆ, ಯಾಕೆ ಅಂತ ತಿಳಿಯುವುದಿಲ್ಲ ಅಂದರು. ಅಳುವ ಮಕ್ಕಳಿಗೆ ಅಲ್ಲಿನ ಮಾವಶಿ, ಅಂದರೆ ಆಯಾ, "ರಡೂ ನಕೋ, ತಾಈ ಯೇತೀಲ್" ಅಂತ ಸಮಾಧಾನ ಮಾಡುತ್ತಾರೆ. ಅಳಬೇಡ, ತಾಈ ಬರ್ತಾರೆ ಅಂತ. ಮರಾಠಿಯಲ್ಲಿ ತಾಈ ಅಂದರೆ ಅಕ್ಕ. ಇಲ್ಲಿ ಪುಟ್ಟ ಮಕ್ಕಳ ಶಾಲೆಗಳಲ್ಲಿ ಟೀಚರನ್ನು ಹಾಗೆ ಕರೆಯುವುದು ಹಳೆಯ ರೂಢಿ. 1945ರಲ್ಲಿ ಮಹಾರಾಷ್ಟ್ರದ ಬೋರ್ಡಿ ಅನ್ನುವ ಊರಿನಲ್ಲಿ ಶಿಶುಶಿಕ್ಷಣ ತಜ್ಞೆ ತಾರಾಬಾಯಿ ಮೋಡಕ್ ಹಳ್ಳಿ ಮಕ್ಕಳಿಗಾಗಿ ಕೆಲಸ ಶುರು ಮಾಡಿದಾಗ ಜೊತೆಗೆ ನಿಂತ ಅನುತಾಯಿ ವಾಘ್ ಅವರ ಹೆಸರಿನಲ್ಲೇ ಆ ತಾಈ ಇದೆ. ಆದರೆ ಪುಟ್ಟನ ಮನೆಯಲ್ಲಿ ಅಜ್ಜಿ ದಿನಾ ಹೇಳುವುದು "ತಡಿ, ನಿಮ್ಮ ತಾಯಿ ಬರ್ತಾಳ" ಅಂತ. ಅವನ ಕಿವಿಗೆ ಎರಡೂ ಒಂದೇ. ಮಾವಶಿ ತಾಈ ಅಂದ ಕೂಡಲೇ ಅವನು ಬಾಗಿಲಿಗೆ ಓಡುತ್ತಿದ್ದ. ಬಂದವರು ಟೀಚರ್. ಆ ಕ್ಷಣ ಆ ಮಗುವಿಗೆ ಏನಾಗಿರಬೇಡ, ಹೇಳಿ. ನನಗೆ ಆ ರಾತ್ರಿ ಅದೇ ಕಣ್ಣ ಮುಂದೆ ಇತ್ತು.

ಹಾಗಾಗಿ ನಾವು ಮೂವರೂ ಕೂತು ಒಂದು ಹಾಡು ಕಟ್ಟಿದೆವು. ಧಾಟಿ ಅಜ್ಜಿಯದು.

ಚಪ್ಪಲ ಮೆಟ್ಟೋಣ, ಚೀಲ ಏರ್ಸೋಣ
ತಾಈಗೆ ನಮಸ್ಕಾರ ಹೇಳೋಣ
ಡಬ್ಬಿ ಬಿಚ್ಚೋಣ, ಚಪಾತಿ ತಿನ್ನೋಣ
ಅವ್ವ ಬಂದ್ಕೂಡ್ಲೆ ಓಡೋಣ

ಗಡಿಯಾರ ಗೊತ್ತಿಲ್ಲದ ಮಗುವಿಗೆ ಹನ್ನೆರಡು ಗಂಟೆಗೆ ಬರ್ತೀನಿ ಅಂದರೆ ಅರ್ಥವಿಲ್ಲ. ಡಬ್ಬಿ ಆದ ಮೇಲೆ ಅವ್ವ ಅಂದರೆ ತಿಳಿಯುತ್ತದೆ. ತಾಈ ಬೇರೆ, ಅವ್ವ ಬೇರೆ ಅನ್ನುವುದು ಕೂಡ ಹಾಡಿನಲ್ಲೇ ಬಂತು. ಒಂದು ಗೊಂಬೆಗೆ ತಾಈ ಅಂತ ಹೆಸರಿಟ್ಟು ಸಂಜೆ ಶಾಲೆ ಆಟ ಆಡಿ ಅಂದೆ. ಅಜ್ಜಿಗೆ, ಸ್ವಲ್ಪ ದಿನ 'ಅವ್ವ ಬರ್ತಾಳ' ಅಂತಲೇ ಹೇಳಿ ಅಂತ ಕೇಳಿಕೊಂಡೆ.

ಹಾಡಿನಲ್ಲಿ 'ಅಳಬೇಡ', 'ಜಾಣ ಮಕ್ಕಳು ಅಳೋದಿಲ್ಲ' ಅನ್ನುವ ಸಾಲು ಬೇಡವೇ ಬೇಡ ಅಂದೆ. ಗುಮ್ಮನೂ ಬೇಡ. ಅಳು ಬಂದಾಗ ನಾನು ಜಾಣ ಅಲ್ಲ ಅಂತ ಮಗು ಅಂದುಕೊಳ್ಳಬಾರದು. ಅವನು ಜೋರಾಗಿ ಅಳುತ್ತಿರುವಾಗ ಕುಣಿಯುವ ಹಾಡು ಹಚ್ಚುವುದೂ ಬೇಡ. ಮೊದಲು ಅಪ್ಪಿಕೊಂಡು ಮೆಲ್ಲಗೆ ಗುನುಗಿ, ಉಸಿರು ಹತೋಟಿಗೆ ಬಂದ ಮೇಲೆ ನಿಧಾನವಾಗಿ ಚಪ್ಪಾಳೆ.

ಗೇಟಿನ ಹತ್ತಿರ ಒಂದೇ ಸಲ ಹಾಡಬೇಕು. ಮುಗಿದ ಮೇಲೆ ಹೇಳಿ ಹೊರಡಬೇಕು. ಕಣ್ಣು ತಪ್ಪಿಸಿ ಓಡಿಹೋಗಬಾರದು, ಹಾಗೆಯೇ ನಿಂತು ನಿಂತು ನೋಡಲೂಬಾರದು.

ಟೀಚರ್ ಬಹಳ ಒಳ್ಳೆಯವರು. ತರಗತಿಯಲ್ಲಿ ದಿನಾ ಹಾಡುವ ಎರಡು ಬಡಬಡಗೀತೆಗಳನ್ನು ತಮ್ಮ ದನಿಯಲ್ಲೇ ಹಾಡಿ ಕಳಿಸಿದರು. ನಮ್ಮ ಶಿಶುಪ್ರಾಸಗಳಿಗೆ ಮರಾಠಿಯಲ್ಲಿ ಆ ಹೆಸರು. ಒಂದು ಮಳೆಯ ಹಾಡು. ಅದನ್ನು ತಾಯಿ ಕಲಿತು, ಮನೆಯ ಬಾಲ್ಕನಿಯಲ್ಲಿ ಮಗನ ಜೊತೆ ಕೈಚಾಚಿ ಮಳೆ ಹಿಡಿಯುತ್ತಾ ಹಾಡಿದರು. ಮನೆ ಹಾಡು ಶಾಲೆಗೆ, ಶಾಲೆ ಹಾಡು ಮನೆಗೆ. ಮನೆ ಮಾತು ಒಂದು, ಶಾಲೆ ಮಾತು ಇನ್ನೊಂದು ಆಗಿರುವ ನಮ್ಮ ಮಕ್ಕಳಿಗೆ ಇದು ತುಂಬಾ ಬೇಕು ಅಂತ ನನಗೆ ಅನ್ನಿಸುತ್ತದೆ.

ಗೇಟಿನಲ್ಲಿ ಅಳು ಒಂದೇ ದಿನದಲ್ಲಿ ನಿಲ್ಲಲಿಲ್ಲ. ಮೂರನೇ ವಾರದ ಹೊತ್ತಿಗೆ ಎರಡು ನಿಮಿಷಕ್ಕೆ ಇಳಿಯಿತು. ಸೋಮವಾರ ಮಾತ್ರ ಜಾಸ್ತಿ. ಊಟ, ನಿದ್ದೆ ಸರಿಯಾಗಿತ್ತು. ಹಾಗಾಗಿ ಹೆದರಬೇಡಿ ಅಂದೆ. ಊಟ ಬಿಟ್ಟರೆ, ರಾತ್ರಿ ಬೆಚ್ಚಿಬೀಳುವುದು ಶುರುವಾದರೆ, ತಿಂಗಳು ಕಳೆದರೂ ಶಾಲೆಯಲ್ಲಿ ಇಡೀ ಹೊತ್ತು ಅಳುತ್ತಿದ್ದರೆ ಕಾಯದೆ ಬನ್ನಿ ಅಂತ ಹೇಳಿದ್ದೆ.

ಅಕ್ಟೋಬರಿನಲ್ಲಿ ಫೋನ್ ಮಾಡಿದ್ದರು. ದೀಪಾವಳಿ ರಜೆಗೆ ಊರಿಗೆ ಹೊರಟಿದ್ದರು, ತಿರುಗಿ ಬಂದ ಮೇಲೆ ಮತ್ತೆ ಮೊದಲಿನ ಹಾಗೆ ಆದರೆ ಏನು ಮಾಡಲಿ ಅಂತ ಕೇಳಿದರು. ಊರಲ್ಲೂ ದಿನಕ್ಕೊಂದು ಸಲ ಹಾಡಿ, ಶಾಲೆಗೆ ಎರಡು ದಿನ ಇರುವಾಗ ಗೊಂಬೆ ತಾಈಯನ್ನು ಹೊರಗೆ ತೆಗೆಯಿರಿ ಅಂದೆ. ಹಿಂದಿನಿಂದ ಪುಟ್ಟನ ದನಿ ಕೇಳುತ್ತಿತ್ತು. ಡಬ್ಬಿ ಬಿಚ್ಚೋಣ ಆದ ಮೇಲೆ ತನಗೆ ಬೇಕಾದ್ದನ್ನು ಸೇರಿಸಿಕೊಂಡಿದ್ದ. ಚಪಾತಿ ಜಾಗಕ್ಕೆ ಕರದಂಟು ಬಂದಿತ್ತು.