40 ಸಾವಿರ ಕ್ರಿಸ್‌ಫ್ಲೈಯರ್ ಮೈಲ್ಸ್, ಹೆಡ್‌ಫೋನಾ ಟಿಕೆಟ್ಟಾ?
ಸಿಂಗಾಪುರ್ ಏರ್‌ಲೈನ್ಸ್ ಮೈಲ್ಸ್ (ಅವರ ಕ್ರಿಸ್‌ಫ್ಲೈಯರ್ ರಿವಾರ್ಡ್ ಪಾಯಿಂಟ್ಸು) ಎಕ್ಸ್‌ಪೈರ್ ಆಗ್ತಿದೆ, ಅದ್ರಲ್ಲಿ ಹೆಡ್‌ಫೋನ್ ತಗೊಳ್ಲಾ ಫ್ಲೈಟ್ ಟಿಕೆಟ್ ತಗೊಳ್ಲಾ ಅಂತ ಕೇಳಿದ್ರಲ್ಲ, ಅಯ್ಯೋ ಹೆಡ್‌ಫೋನಿಗೆ ಮಾತ್ರ ಸುರೀಬೇಡಿ ಸಾರ್, ಮೈಲ್ಸ್ ಸಿಕ್ಕಿದ 36 ತಿಂಗಳೊಳಗೆ ಬುಕ್ ಮಾಡಿದ್ರೆ ಸಾಕು, ಹೋಗೋದು ಆಮೇಲಾದ್ರೂ ನಡೆಯತ್ತೆ. ಲೆಕ್ಕ ಹಿಂಗೆ ಹಾಕಿ, ಟಿಕೆಟ್ 18,000 ರೂಪಾಯಿ, ಮೈಲ್ಸ್ ಕೊಟ್ರೂ ಕೈಯಿಂದ ಕಟ್ಟೋ ಟ್ಯಾಕ್ಸ್ 4,000, ಕೇಳೋದು 20,000 ಮೈಲ್ಸ್ ಅಂತಿಟ್ಕೊಳ್ಳಿ, ಮೈಲಿಗೆ 70 ಪೈಸೆ ಬಂತು. ನಾನು ಮೊದ್ಲು ಟ್ಯಾಕ್ಸ್ ಕಳೀದೇನೇ ಲೆಕ್ಕ ಹಾಕಿ ಭಾರಿ ಲಾಭ ಅಂತ ಮನೇಲೆಲ್ಲ ಕೊಚ್ಕೊಂಡಿದ್ದೆ 😅. ಹೆಡ್‌ಫೋನಿಗೂ ಇದೇ ಲೆಕ್ಕ ಹಾಕಿ ನೋಡಿ, ಗೊತ್ತಾಗತ್ತೆ. ಅಪ್ಪ ಅಮ್ಮನ್ನ ನಾಮಿನಿ ಮಾಡಿ (ಅಂದ್ರೆ ನಿಮ್ಮ ಮೈಲ್ಸಲ್ಲಿ ಅವರಿಗೆ ಟಿಕೆಟ್ ತಗೊಳ್ಳೋಕೆ ಅವರ ಹೆಸರು ಸೇರಿಸಿ) ಬೆಂಗಳೂರು-ಸಿಂಗಾಪುರಕ್ಕೆ ಸೇವರ್ ಸೀಟು, ಅಂದ್ರೆ ಕಮ್ಮಿ ಮೈಲ್ಸಿಗೆ ಸಿಗೋದು, ಹುಡುಕಿ, ಅಡ್ವಾಂಟೇಜ್ ಅನ್ನೋ ಇನ್ನೊಂದು ಥರದ ಸೀಟು ಜಾಸ್ತಿ ಮೈಲ್ಸ್ ನುಂಗತ್ತೆ. ದುಡ್ಡಿನ ಟಿಕೆಟ್ ದುಬಾರಿ ಇರೋ ದಿನವೇ ಸೇವರ್ ಸಿಕ್ರೆ ಬಿಡ್ಲೇಬೇಡಿ. ವೇಟ್‌ಲಿಸ್ಟ್ ನಂಬ್ಕೊಂಡು ಎಕ್ಸ್‌ಪೈರಿ ತನಕ ಮಾತ್ರ ಕೂರ್ಬೇಡಿ.