ಗರ್ಭ ಧರಿಸುವ ಮೊದಲೇ ತೂಕ ಹೆಚ್ಚಿದ್ದರೆ ಬಸಿರಿನಲ್ಲಿ ರಕ್ತದೊತ್ತಡ ಏರುವುದೇ?

ಏರಲೇಬೇಕೆಂದಿಲ್ಲ, ಆದರೆ ಸಂಭವ ಖಂಡಿತವಾಗಿಯೂ ಹೆಚ್ಚು. ಗರ್ಭಧಾರಣೆಗೆ ಮೊದಲಿನ ಬಿಎಂಐ (ಎತ್ತರಕ್ಕೆ ಹೋಲಿಸಿ ತೂಕವನ್ನು ಅಳೆಯುವ ಸೂಚ್ಯಂಕ) 5ರಿಂದ 7ರಷ್ಟು ಏರಿದಂತೆಲ್ಲ ಪ್ರಿಎಕ್ಲಾಂಪ್ಸಿಯಾದ, ಅಂದರೆ 20 ವಾರಗಳ ನಂತರ ರಕ್ತದೊತ್ತಡ 140/90 ಮುಟ್ಟಿ, ಮೂತ್ರದಲ್ಲಿ ಪ್ರೋಟೀನ್ ಕಾಣಿಸಿಕೊಳ್ಳುವ ಅಥವಾ ಯಕೃತ್ತು, ಮೂತ್ರಪಿಂಡಗಳಂಥ ಅಂಗಗಳಿಗೆ ತೊಂದರೆಯಾಗುವ ಸ್ಥಿತಿಯ ಅಪಾಯ ಸುಮಾರು ಇಮ್ಮಡಿಯಾಗುತ್ತದೆ. ಹೆಚ್ಚುವರಿ ಕೊಬ್ಬು ಇನ್ಸುಲಿನ್ ಪ್ರತಿರೋಧವನ್ನೂ (ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದಿರುವುದು) ಉರಿಯೂತವನ್ನೂ ಹೆಚ್ಚಿಸಿ ರಕ್ತನಾಳಗಳ ಒಳಪದರವನ್ನು ಕೆಡಿಸುವುದು ಇದಕ್ಕೆ ಒಂದು ಕಾರಣ. ಭಾರತೀಯರಲ್ಲಿ ಬಿಎಂಐ 25 ದಾಟಿದರೇ ಬೊಜ್ಜು ಎಂದು ಪರಿಗಣಿಸುವುದುಂಟು.

ಹಾಗೆಂದು ಬಸಿರಿನಲ್ಲಿ ಊಟ ಬಿಟ್ಟು ತೂಕ ಇಳಿಸಲು ಹೊರಡುವುದು ಸರಿಯಲ್ಲ. ಇಳಿಸುವುದಿದ್ದರೆ ಮೊದಲೇ ಇಳಿಸಬೇಕು. ಪ್ರತಿ ತಪಾಸಣೆಯಲ್ಲೂ ರಕ್ತದೊತ್ತಡ ಅಳೆಸಿಕೊಳ್ಳಿ. ತೋಳು ದಪ್ಪವಿದ್ದರೆ ದೊಡ್ಡ ಪಟ್ಟಿಯನ್ನೇ ಕೇಳಿ (ಚಿಕ್ಕ ಪಟ್ಟಿ ಒತ್ತಡವನ್ನು ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ). ತೀವ್ರ ತಲೆನೋವು ಬಂದರೆ ಅಥವಾ ಕಣ್ಣು ಮಂಜಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.